ಅಪ್ಪ ಕೂತ ಜಾಗ

ವಾಷಿಂಗ್ಟನ್, ಮಾರ್ಚ್ ೧೮೪೧

ಅಪ್ಪನಿಗೆ ಏಸಾ ಮಾಡುವ ನಮಸ್ಕಾರಗಳು.

ಚುನಾವಣೆಯಲ್ಲಿ ನಮ್ಮ ಪಕ್ಷದವರೆಲ್ಲ ಗಾಡಿಯ ಮೇಲೆ ಮರದ ದಿಮ್ಮಿಯ ಗುಡಿಸಲು ಕಟ್ಟಿ, ಊರೂರಿಗೆ ಸೇಬಿನ ಹೆಂಡ ಹಂಚಿ ನಮ್ಮ ಜನರಲ್ ಸಾಹೇಬರನ್ನು ದೇಶದ ಅಧ್ಯಕ್ಷರನ್ನಾಗಿ ಮಾಡಿದೆವಲ್ಲ, ಅದಕ್ಕೆ ನನಗೊಂದು ಹುದ್ದೆ ಕೊಟ್ಟಿದ್ದಾರೆ. ನಮ್ಮೂರಿನ ಅಂಚೆ ಕಚೇರಿಯ ಮಾಸ್ತರಿಕೆ. ಇಪ್ಪತ್ತೆರಡು ವರ್ಷದಿಂದ ನೀವು ಕೂತ ಜಾಗವೇ.

ಬೇರೆ ಏನಾದರೂ ಕೊಡಿ ಎಂದು ಮೂರು ದಿನ ಇಲ್ಲಿನ ಅಂಚೆ ಇಲಾಖೆಯ ಗುಮಾಸ್ತನ ಬಾಗಿಲಲ್ಲಿ ನಿಂತೆ. "ನಿಮ್ಮಪ್ಪ ಸೋತ ಪಕ್ಷದವನಲ್ವೇನಯ್ಯಾ? ಹೇಗಿದ್ರೂ ಕೆಲಸದಿಂದ ಹೋಗೋನೇ. ನಿನಗೆ ಬೇಡಾಂದ್ರೆ ಹೇಳು, ಹೊರಗೆ ಇನ್ನೂರು ಜನ ನಿಂತವ್ರೆ" ಎಂದು ನಕ್ಕ. ನಾನು ರುಜು ಹಾಕಿದೆ.

ಕಚೇರಿಯ ಕೀಲಿಯನ್ನು ಅಮ್ಮನ ಹತ್ತಿರ ಕೊಟ್ಟಿಡಿ, ನನ್ನ ಕೈಗೆ ಕೊಡಬೇಡಿ. ನಿಮ್ಮನ್ನು ತೆಗೆದುಹಾಕಿದ ಆದೇಶವೂ ಈ ಪತ್ರ ಬರುವ ಅಂಚೆ ಚೀಲದಲ್ಲೇ ಇದೆ. ಚೀಲ ಬಿಚ್ಚುವವರು ನೀವೇ. ಊರವರ ಪತ್ರಗಳನ್ನೆಲ್ಲ ಹಂಚಿ ಮುಗಿಸಿ, ಆಮೇಲೆ ಆ ಆದೇಶದ ಮುದ್ರೆ ಒಡೆಯಿರಿ.

ನಿಮ್ಮ ಮಗ,
ಏಸಾ