ಕ್ಷಮಾವಣಿಗೆ ತಡವಾದ ಉತ್ತರ

ಚಿಕ್ಕೋಡಿ
೧೯ ಸೆಪ್ಟೆಂಬರ್ ೨೦೨೫

ಪ್ರೀತಿಯ ಸುಹಾಸದಾದಾ,

ಜಯ ಜಿನೇಂದ್ರ. ನಾನು, ನಮ್ಮ ಮನೆಯವರು, ಮಗಳು ಎಲ್ಲ ಆರಾಮ. ಬೋರಗಾಂವದಲ್ಲಿ ಅವ್ವ, ವೈನಿ, ನಿಮ್ಮಿಬ್ಬರ ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಕ್ಷಮಾವಣಿಯ ದಿನ ನೀನು ಕಳಿಸಿದ 'ಉತ್ತಮ ಕ್ಷಮಾ' ಮೆಸೇಜಿಗೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಜಾರಾಗಬೇಡ. ಪರ್ವ ಮುಗಿದ ಮೇಲೆ ವರ್ಷದ ತಪ್ಪಿಗೆಲ್ಲ ಕೈಮುಗಿದು ಕ್ಷಮೆ ಕೇಳುವುದು ನಮ್ಮ ಜೈನರ ಪದ್ಧತಿ, ಸರಿ. ಆದರೆ ಬಳಗದ ಗ್ರೂಪಿಗೆ ಹಾಕಿದ ಹೂವಿನ ಚಿತ್ರವನ್ನೇ ನನಗೂ ತಳ್ಳಿದ್ದೆಯಲ್ಲ! ಹಾಗಾಗಿ ನಾನೂ ಅವಸರ ಮಾಡಲಿಲ್ಲ. ಅಥಣಿ ಕಡೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ಮೊನ್ನೆ ನಿನ್ನ ಯಂತ್ರದ ಪ್ರದರ್ಶನ ಮುಗಿಯಲಿ ಎಂದು ಕಾದೆ.

ನಿನ್ನ ಯಂತ್ರ! ಹಾಗೆ ಬರೆಯಲು ಈಗಲೂ ಹೊಟ್ಟೆ ಉರಿಯುತ್ತದೆ. ಕಬ್ಬು ಅರೆಯುವ ರೋಲರಿನ ಗಟ್ಟಿ ಮೈಯನ್ನು ಲೇಥಿನ ಮೇಲೆ ಕೊರೆಯಹೋದರೆ ಉಳಿಯ ತುದಿಯ ಟಿಪ್ ಮುರಿಯುತ್ತದೆ. ಟಿಪ್ಪಿನ ಮುಂದೆಯೇ ತಾಮ್ರದ ಸುರುಳಿಯಿಟ್ಟು, ಕರೆಂಟಿನಿಂದ ಅಷ್ಟೇ ಜಾಗ ಕೆಂಪಗೆ ಕಾಯಿಸಿದರೆ ಲೋಹ ಮೆತ್ತಗಾಗಿ ಮಾತು ಕೇಳುತ್ತದೆ ಎಂದು ಕಂಡುಕೊಂಡವಳು ನಾನು. ಲಕ್ವಾ ಹೊಡೆದು ಅಪ್ಪ ಹಾಸಿಗೆ ಹಿಡಿದಾಗ, ಅವರ ಮುಚ್ಚಿದ ವರ್ಕ್‌ಶಾಪನ್ನು ತೆರೆದು, ಆ ಸುರುಳಿಯನ್ನು ಸುತ್ತಿ ಬಿಚ್ಚಿ, ಮತ್ತೆ ಸುತ್ತಿ ಪಿಎಚ್.ಡಿ. ಮಾಡಿದೆ. ಆಮೇಲೆ ನಾನು ಬಾಣಂತನದಲ್ಲಿದ್ದಾಗ ನೀನು ನಿನ್ನ ಹೆಸರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದೆ. ಕೇಳಿದ್ದಕ್ಕೆ, "ಹೆಸರ ಯಾರದಿದ್ರೇನ ಬೇ, ಮನೀದ ಐತಲ್ಲ? ನೀ ಕೊಟ್ಟ ಮನೀಗೆ ಹೋದ ಹೆಣ್ಣಮಗಳು" ಎಂದೆ.

ಕೊಳ್ಳುವ ಮುಂಚೆ ಯಂತ್ರ ಪರೀಕ್ಷಿಸಿಕೊಡಿ ಎಂದು ಕಾರ್ಖಾನೆಯವರು ನಾನು ಪಾಠ ಮಾಡುವ ಎಂಜಿನಿಯರಿಂಗ್ ಕಾಲೇಜನ್ನು ಕೇಳಿದರು. ಕಾಲೇಜು ನನ್ನನ್ನು ಕಳಿಸಿತು. ಅದು ನನ್ನ ಅಣ್ಣನದು ಎಂದು ಹೇಳಬೇಕಿತ್ತು, ಹೇಳಲಿಲ್ಲ. ಲಗ್ನವಾಗಿ ಬದಲಾದ ಅಡ್ಡಹೆಸರು ಒಮ್ಮೆಯಾದರೂ ಉಪಯೋಗಕ್ಕೆ ಬಂತು. ನನ್ನನ್ನು ಕಂಡು ನಿನ್ನ ಮುಖ ಅರಳಿತು. ಹತ್ತಿರ ಬಂದು ಮೆಲ್ಲಗೆ, "ಪ್ರಾಜು, ನೀನ ಬಂದೀ? ಚಲೋ ಆತ ಬಿಡು" ಎಂದೆ.

ರೋಲರ್ ತಿರುಗಿತು. ಸುರುಳಿಯ ಕೆಳಗೆ ಕೆಂಪು ಪಟ್ಟಿ ಮೂಡಿತು. ಅಷ್ಟರಲ್ಲಿ ನೀನು ಹುಮ್ಮಸ್ಸಿನಿಂದ ಟಿಪ್ ತಂಪು ಮಾಡುವ ಕೂಲಂಟ್ ನೀರಿನ ನಳ ತಿರುಗಿಸಿದೆ! ಅಪ್ಪನ ಲೇಥಿನಲ್ಲಿ ನೀರಿನ ಪಂಪ್ ಇರಲಿಲ್ಲ. ಕೆಟ್ಟಿದೆ, ಅದಕ್ಕೇ ಬಿಚ್ಚಿದ್ದಾರೆ ಎಂದು ನೀನು ತಿಳಿದಿದ್ದೆ. ಬಿಚ್ಚಿದವಳು ನಾನು. ಕಾದ ಟಿಪ್ಪಿಗೆ ತಣ್ಣೀರು ಬಿದ್ದರೆ ಅದು ಸೀಳುತ್ತದೆ, ಈ ಕೆಲಸ ನೀರಿಲ್ಲದೆಯೇ ನಡೆಯಬೇಕು. ಎಲ್ಲ ಕದ್ದವನು ಇದೊಂದನ್ನು ಬಿಟ್ಟುಬಂದಿದ್ದೆ.

ಚಟ್ ಎಂದು ಟಿಪ್ ಹೋಯಿತು. ನೀನು ಹೊಸದು ಹಾಕಿ ನೀರನ್ನು ಇನ್ನೂ ಜೋರು ಮಾಡಿದೆ. ಅದೂ ಹೋಯಿತು. ಕಾರ್ಖಾನೆಯ ಎಂಜಿನಿಯರು, "ಏನ್ರಿ ಇದು, ಟಿಪ್ ಉಳಿತಾವ ಅಂದಿದ್ರಲ್ಲ?" ಎಂದು ನಕ್ಕರು. ನೀನು ನನ್ನ ಕಡೆ ನೋಡಿದೆ. ನಳ ಬಂದ್ ಮಾಡು ಎಂದರೆ ಸಾಕಿತ್ತು. ನಾನು ತಲೆ ತಗ್ಗಿಸಿ ವರದಿ ಬರೆಯತೊಡಗಿದೆ. ಅಂಥ ಸುಖ ನನಗೆ ಡಾಕ್ಟರೇಟ್ ಬಂದಾಗಲೂ ಆಗಿರಲಿಲ್ಲ.

ವರದಿಯಲ್ಲಿ ಒಂದೂ ಸುಳ್ಳಿಲ್ಲ. ಯಂತ್ರ ತಂದವರಿಗೇ ಅದರ ತಿಳುವಳಿಕೆ ಇಲ್ಲ ಎಂದು ಬರೆದಿದ್ದೇನೆ. ರಾಯಬಾಗದಿಂದ ಕಾಗವಾಡದವರೆಗೆ ಇನ್ನು ಯಾರೂ ನಿನ್ನನ್ನು ಕರೆಯಲಾರರು. ಪೇಟೆಂಟಿಗೂ ನನ್ನ ತಕರಾರು ಹೋಗುತ್ತದೆ. ಅವ್ವನಿಗೆ, ವೈನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ವರ್ಷ ಬಾಳಲಿ, ಅವರಿಗೆ ಸ್ವಂತ ವಿದ್ಯೆ ಹತ್ತಲಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ತಂಗಿ,
ಪ್ರಾಜಕ್ತಾ

ತಾ.ಕ.: ಪೇಟೆಂಟಿನದನ್ನು ಎಂದಾದರೂ ಮರೆತೇನು. ವರ್ಕ್‌ಶಾಪಿನಲ್ಲಿ ನಾನು ಮೊದಲ ಸಲ ಒಂದು ರೋಲರನ್ನು ನುಣ್ಣಗೆ ಕೊರೆದ ದಿನ ಅಪ್ಪ ನಿಪ್ಪಾಣಿಯ ಆಸ್ಪತ್ರೆಯಲ್ಲಿದ್ದರು. ಹೇಳಲು ಓಡಿಬಂದೆ. ನೀನು ಆಗಲೇ ಸುದ್ದಿ ಮುಟ್ಟಿಸಿದ್ದೆ. "ಯಾರ ಕೊರದ್ರಪಾ?" ಎಂದು ಅಪ್ಪ ತೊದಲುತ್ತ ಕೇಳಿದರು. "ನಾನ ಅಪ್ಪಾ" ಎಂದೆ ನೀನು. ಅವರು ಕೈಯನ್ನು ನಿನ್ನ ತಲೆಯ ಮೇಲಿಟ್ಟು, "ನನ್ನ ಜನ್ಮ ಸಾರ್ಥಕ ಆತು" ಎಂದರು. ಹೋಗುವ ಜೀವದ ಮುಂದೆ ಜಗಳ ಬೇಡವೆಂದು ನಾನು ಅವರ ಕಾಲು ಒತ್ತುತ್ತ ನಿಂತೆ. ಮರುದಿನ ಅವರು ಹೋದರು. ಆ ಆಶೀರ್ವಾದ ನನ್ನದಾಗಿತ್ತು, ದಾದಾ. ಈಗ ಅಪ್ಪನನ್ನು ಎಬ್ಬಿಸಿ ಯಾರು ಹೇಳುವುದು?