ಬಡಗಿಗೆ ಯಾಕೆ ಗಣಿತ ಎಂದು ಕೇಳಿದ ಕಚೇರಿಗೆ

ಪ್ರೌಢಶಾಲೆಗಳ ಗಣಿತದ ಹಂತ ನಿಗದಿ ಮಾಡುವ ಮಾನ್ಯ ಅಧಿಕಾರಿಗಳೇ,

ನಾನು ಚಂದ್ರನಲ್ಲಿಗೆ ಹೋಗುವುದಿಲ್ಲ. ದಯವಿಟ್ಟು ನಂಬಿ. ಇದನ್ನು ತಮ್ಮ ಕಚೇರಿಯ ಮೂರನೇ ಕಿಟಕಿಯಲ್ಲಿ ನಾಲ್ಕು ಸಲ ಹೇಳಿ ಸಾಕಾಗಿ, ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಈ ವರ್ಷದ ಆರಂಭದಲ್ಲಿ ತಾವು ಕಳಿಸಿದ ಅರ್ಜಿಯಲ್ಲಿ 'ಮುಂದೆ ಏನಾಗಬಯಸುತ್ತೀರಿ?' ಎಂಬುದಕ್ಕೆ ಒಂದು ಗೆರೆ ಜಾಗವಿತ್ತು. ಹದಿನಾಲ್ಕು ವರ್ಷದವರ ಇಡೀ ಬಾಳಿಗೆ ಒಂದು ಗೆರೆ. ತಂದೆಯ ಸಹಿಗೆ ಮಾತ್ರ ಮೂರು! ಕಿಡಿಗೇಡಿ ನಾನು, 'ಚಂದ್ರಯಾತ್ರಿ' ಎಂದು ಬರೆದೆ. ನನಗಿಂತ ಏಳು ನಿಮಿಷ ತಡವಾಗಿ ಹುಟ್ಟಿದ ತಂಗಿಗೆ ಸುಳ್ಳು ಬರೆಯಲು ಬರುವುದಿಲ್ಲ. 'ಅಪ್ಪನಂತೆ ಬಡಗಿ' ಎಂದು ಬರೆದಳು. ಗಣಿತದಲ್ಲಿ ಐವತ್ತಕ್ಕೆ ಅವಳಿಗೆ ನಲವತ್ತೇಳು, ನನಗೆ ಹನ್ನೊಂದು. ಅದರಲ್ಲೂ ನಾಲ್ಕು ಅಂಕ ಮೇಷ್ಟ್ರ ಕರುಣೆ. ತಮ್ಮ ಘನ ಕಚೇರಿ ಅಂಕಗಳತ್ತ ಕಣ್ಣೆತ್ತಿಯೂ ನೋಡದೆ, ಆ ಒಂದು ಗೆರೆಯನ್ನಷ್ಟೇ ಓದಿ, ನನಗೆ ಉನ್ನತ ಗಣಿತವನ್ನೂ ಅವಳಿಗೆ ಸರಳ ಗಣಿತವನ್ನೂ ದಯಪಾಲಿಸಿತು.

ಬಡಗಿಗೆ ಲೆಕ್ಕ ಬೇಡವೇ? ಹೋದ ತಿಂಗಳು ಅಪ್ಪ ಒಂದು ದವಾಖಾನೆಗೆ ಮರದ ಮೆಟ್ಟಿಲು ಮಾಡುತ್ತಿದ್ದರು. ತಂಗಿ ನಕ್ಷೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಪ್ಪಾ, ಹಿಂಗೇ ಕೊಯ್ದ್ರೆ ಕೊನೇ ಮೆಟ್ಲು ಎರಡಿಂಚು ಗಿಡ್ಡ ಆಗುತ್ತೆ. ರೋಗಿಗಳು ಎಡವಿ ಬೀಳ್ತಾರೆ," ಎಂದಳು.

"ಬೀಳ್ಲಿ ಬಿಡೇ, ಡಾಕ್ಟ್ರು ಅಲ್ಲೇ ಇರ್ತಾರಲ್ಲ," ಎಂದೆ.

"ನೀನು ಹಲಗೆ ಹಿಡ್ಕೊ, ಬಾಯಿ ಮುಚ್ಕೊ," ಎಂದರು ಅಪ್ಪ. ಅವಳು ಹೊಸದಾಗಿ ಲೆಕ್ಕ ಹಾಕಿದಳು. ಮೆಟ್ಟಿಲು ಒಂದು ನೂಲೂ ಆಚೀಚೆಯಾಗದೆ ಕೂತಿತು.

ಇಂಥ ಕೆಲಸ ಕಲಿಸುವ ತಾಂತ್ರಿಕ ಕಾಲೇಜಿಗೆ ಉನ್ನತ ಗಣಿತವಿಲ್ಲದೆ ಪ್ರವೇಶವಿಲ್ಲ. ಇದು ತಮ್ಮದೇ ಕೈಪಿಡಿಯ ಕೊನೆಯ ಪುಟದಲ್ಲಿದೆ. ಅರ್ಜಿ ತುಂಬುವಾಗ ನಮಗೆ ತೋರಿಸಿದ್ದು ಮೊದಲನೆಯ ಪುಟ ಮಾತ್ರ. ಅಪ್ಪ ಕೆಲಸ ಬಿಟ್ಟು ನನ್ನ ಜೊತೆ ತಮ್ಮ ಕಿಟಕಿಗೆ ಬಂದರು.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಬಡಗಿಗೆ ಯಾಕ್ರೀ ಅಷ್ಟೊಂದು ಗಣಿತ? ಟೇಪು ಇರುತ್ತಲ್ಲ."

"ಟೇಪು ಎಷ್ಟಿದೆ ಅಂತ ಹೇಳುತ್ತೆ ಸ್ವಾಮಿ. ಎಷ್ಟಿರ್ಬೇಕು ಅಂತ ಹೇಳಲ್ಲ," ಎಂದರು ಅಪ್ಪ.

"ಉನ್ನತ ಹಂತಕ್ಕೆ ನಲವತ್ತೇ ಜಾಗ. ತುಂಬಿದೆ. ಖಾಲಿಯಾದ್ರೆ ನೋಡೋಣ."

"ನನ್ನದನ್ನ ಅವಳಿಗೆ ಕೊಡಿ ಸಾರ್," ಎಂದೆ.

"ಅದಲು ಬದಲು ಮಾಡೋಕೆ ಇದೇನು ಚಪ್ಪಲಿಯೇನೋ?"

ಅವತ್ತಿನಿಂದ ತಂಗಿ ಕಾಲೇಜಿನ ಸುದ್ದಿ ಎತ್ತಿಲ್ಲ. ಸಂಜೆಯಾದರೆ ಮಾತ್ರ, "ಕೊಡೋ ಇಲ್ಲಿ, ಒಳ್ಳೇ ಲೆಕ್ಕಾನ ಹಾಳು ಮಾಡ್ಬೇಡ," ಎಂದು ನನ್ನ ಪುಸ್ತಕ ಕಿತ್ತುಕೊಳ್ಳುತ್ತಾಳೆ. ಬೆಳಿಗ್ಗೆ ಅವಳು ಸರಳ ಗಣಿತದ ಕೋಣೆಗೆ ಹೋಗಿ ಹಣ್ಣನ್ನು ನಾಲ್ಕು ಪಾಲು ಮಾಡುವುದನ್ನು ಕಲಿಯುತ್ತಾಳೆ.

ಆದ್ದರಿಂದ, ಮಾನ್ಯರೇ, ನನ್ನ ತಪ್ಪೊಪ್ಪಿಗೆ. ಈ ವರ್ಷ ನನ್ನ ಪುಸ್ತಕದಲ್ಲಿ 'ಅತ್ಯುತ್ತಮ' ಎಂದು ಬಿದ್ದ ಪ್ರತಿಯೊಂದು ಕೆಂಪು ಷರಾ ತಂಗಿಯದು. ಬೇರೆಯವರ ಕೈಯಲ್ಲಿ ಲೆಕ್ಕ ಮಾಡಿಸಿದವನನ್ನು ಉನ್ನತ ಹಂತದಿಂದ ತೆಗೆಯಬೇಕೆಂದು ತಮ್ಮ ನಿಯಮವೇ ಹೇಳುತ್ತದೆ. ತೆಗೆಯಿರಿ. ಶುಕ್ರವಾರ ಪಟ್ಟಿ ಮುಚ್ಚುವ ಮೊದಲೇ ತೆಗೆದು, ಆ ಜಾಗದಲ್ಲಿ ಅವಳ ಹೆಸರು ಬರೆಯಿರಿ. ನಲವತ್ತರಲ್ಲಿ ಒಂದು ಕಳೆದರೆ ಎಷ್ಟು ಎಂಬುದು ಸರಳ ಗಣಿತ. ಅಷ್ಟು ತಮ್ಮ ಕಚೇರಿಗೂ ಬರುತ್ತದೆ ಎಂದು ನಂಬಿದ್ದೇನೆ.

ಇಂತಿ,
ಎದ್ದು ಹೋಗಲು ಚೀಲ ಕಟ್ಟಿಕೊಂಡು ಕೂತಿರುವ,
ನಲವತ್ತನೆಯವನು