ಏಳನೇ ಮೆಟ್ಟಿಲಿನ ತಂತ್ರಜ್ಞಾನ, ಹನ್ನೊಂದು ಕುರಿಗಳು ಮತ್ತು ಒಬ್ಬ ಚಾಲಕ

ಇಂಗಾಲ ಹೂಳುವ ಯೋಜನೆಯ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ತಂತ್ರಜ್ಞಾನ ಇನ್ನೂ ಸಿದ್ಧವಾಗಿಲ್ಲ. ಅದರ ಬಾಯಿಂದ ನನ್ನ ಅತ್ತಿಗೆಯನ್ನು ಹೊರಗೆಳೆದ ಚಾಲಕನನ್ನು ಮಾತ್ರ ಚುರುಕಾಗಿ ಕೆಲಸದಿಂದ ತೆಗೆದಿದ್ದೀರಿ. ತಮಿಳಿನಲ್ಲಿ ಮೂರು ಅರ್ಜಿ ಕೊಟ್ಟೆವು, ಉತ್ತರವಿಲ್ಲ. ಈಗ ನಮ್ಮ ಮನೆಮಾತಾದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದದೇ ಇರಲು ತಮಗೊಂದು ನ್ಯಾಯವಾದ ಕಾರಣವಾದರೂ ಸಿಗಲಿ.

ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿಯಾಚೆಯ ನಮ್ಮೂರ ಮೇವಿನ ಬಯಲಿಗೆ ಕಳೆದ ವರ್ಷ ತಾವು ದಯಮಾಡಿಸಿದಿರಿ. ಎಲ್ಲಿಯದೋ ಕಾರ್ಖಾನೆಯ ಹೊಗೆಯಿಂದ ಇಂಗಾಲದ ಅನಿಲವನ್ನು ಬೇರ್ಪಡಿಸಿ, ಟ್ಯಾಂಕರಿನಲ್ಲಿ ತಂದು, ಕೊಳವೆಬಾವಿಯ ಮೂಲಕ ಬಂಡೆಯೊಳಗೆ ಇಳಿಸಿದರೆ ಅದು ಅಲ್ಲೇ ಕಲ್ಲಾಗುತ್ತದೆ ಎಂದಿರಿ. ತಂತ್ರಜ್ಞಾನವೊಂದು ಪೂರ್ತಿ ಸಿದ್ಧವಾಗಲು ಒಂಬತ್ತು ಮೆಟ್ಟಿಲು, ನಮ್ಮದು ಏಳರಲ್ಲಿದೆ ಎಂದು ಪರದೆಯ ಮೇಲೆ ತೋರಿಸಿದಿರಿ. ಉಳಿದೆರಡನ್ನು ಯಾರ ಬೆನ್ನ ಮೇಲೆ ಹತ್ತುತ್ತೀರೆಂದು ಕೇಳಲು ನಮಗೆ ಹೊಳೆಯಲಿಲ್ಲ. ಚಪ್ಪಾಳೆ ತಟ್ಟಿದೆವು.

ಪೊಂಗಲ್ ಕಳೆದ ವಾರ, ಗಾಳಿಯಾಡದ ಬೆಳಿಗ್ಗೆ, ಅತ್ತಿಗೆ ಚೆಲ್ಲಮ್ಮ ಕುರಿ ಹೊಡೆದುಕೊಂಡು ಮುಂದೆ ಹೋದರು. ನಾನು ಸ್ವಲ್ಪ ಹಿಂದಿದ್ದೆ. ನಿಮ್ಮ ಕೊಳವೆಬಾವಿಯ ಪಕ್ಕದ ಹಳೆಯ ಕಲ್ಲುಗುಂಡಿಯಲ್ಲಿ ನೀರು ಕುಡಿಯಲು ಇಳಿದ ಕುರಿಗಳು ಒರಗಿದ್ದವು.

"ಏನ್ಲಾ ಇವು, ಒತ್ತಾರೇನೇ ಮನಿಕ್ಕಂಡವೆ?" ಎನ್ನುತ್ತ ಇಳಿದ ಅತ್ತಿಗೆ ಮೊಣಕಾಲೂರಿ ಕುಸಿದರು. ನಾನು ಓಡಿದೆ. ಟ್ಯಾಂಕರ್ ಚಾಲಕ ಮುರುಗೇಶನ್ ಲಾರಿಯಿಂದ ಹಾರಿ ಬಂದು ನನ್ನ ತೋಳು ಹಿಡಿದರು.

"ವೇಂಡಾಂ, ಇಳೀಬ್ಯಾಡಣ್ಣಾ! ವಾಲ್ವ್ ಲೀಕ್ ಆಗೈತೆ. ಗಾಳಿಗಿಂತ ಭಾರದ ಗ್ಯಾಸು, ಎಲ್ಲ ಗುಂಡೀಲೇ ನಿಂತೈತೆ. ಹಗ್ಗ ಹಿಡ್ಕೊ, ನಾನ್ ಓಯ್ತೀನಿ."

ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಬಿಗಿಹಿಡಿದು ಇಳಿದರು. ಅತ್ತಿಗೆಯನ್ನು ಹೆಗಲಿಗೇರಿಸಿಕೊಂಡು ಹತ್ತತೊಡಗಿದರು. ನಾನು ಅಂಗೈ ಸುಲಿಯುವಂತೆ ಹಗ್ಗ ಎಳೆದೆ. ಅತ್ತಿಗೆ ಕಣ್ಣು ಬಿಡುವವರೆಗೆ, ಅಣ್ಣನಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಹನ್ನೊಂದು ಕುರಿಗಳು ಏಳಲೇ ಇಲ್ಲ.

ಮೂರನೇ ದಿನ ನಿಮ್ಮ ತನಿಖಾಧಿಕಾರಿ ಮನೆಗೆ ಬಂದು, "ಅವತ್ತು ಬೆಳಿಗ್ಗೆ ಟಿಫನ್ ತಿಂದಿದ್ದಿರಾ?" ಎಂದು ಅತ್ತಿಗೆಯನ್ನು ತಮಿಳಿನಲ್ಲಿ ಕೇಳಿದರು.

"ನಾನ್ ತಿಂದಿರ್ಲಿಲ್ಲ ಸಾರ್. ಕುರಿಗೋಳು ಮೇದಿದ್ವಲ್ಲ?"

ವರದಿಯಲ್ಲಿ ಮೊದಲ ವಾಕ್ಯವಷ್ಟೇ ಉಳಿಯಿತು. ಮಹಿಳೆಗೆ ಉಪವಾಸದಿಂದ ತಲೆಸುತ್ತು. ಕುರಿಗಳಿಗೆ ಬಿಸಿಲಿನ ಆಘಾತ, ಅದೂ ಪೊಂಗಲ್ ಚಳಿಯಲ್ಲಿ! ಮುರುಗೇಶನ್ ಅವರ ಅಪರಾಧ, ಅನುಮತಿಯಿಲ್ಲದೆ ವಾಹನ ಬಿಟ್ಟಿಳಿದದ್ದು. ಅನುಮತಿಪತ್ರ ಬರುವವರೆಗೆ ಅತ್ತಿಗೆ ಉಸಿರು ಬಿಗಿಹಿಡಿದು ಕಾಯಬೇಕಿತ್ತೇ? ಗುಂಡಿಯ ಬಳಿ ಎಚ್ಚರಿಕೆಯ ಸೈರನ್ ಯಾಕಿಲ್ಲವೆಂದು ಕೇಳಿದರೆ, ಅದು ಮುಂದಿನ ಹಂತದಲ್ಲಿ ಬರುತ್ತದಂತೆ.

ನಾನು ವಿಜ್ಞಾನದ ವಿರೋಧಿಯಲ್ಲ. ಭೂಮಿ ಬಿಸಿಯಾಗುತ್ತಿರುವುದು ಕುರಿ ಮೇಯಿಸುವವರಿಗೆ ಪರದೆಯಿಲ್ಲದೆಯೂ ಗೊತ್ತು. ಬಂಡೆಯೊಳಗೆ ಅನಿಲ ಕಲ್ಲಾಗಬಹುದು, ಒಪ್ಪಿದೆ. ಆದರೆ ಬಂಡೆಗಿಂತ ಮೊದಲು ಒಂದು ವಾಲ್ವ್ ಇದೆ, ಆ ವಾಲ್ವಿನ ಪಕ್ಕದಲ್ಲಿ ನಾವಿದ್ದೇವೆ. ನಿಮ್ಮ ಒಂಬತ್ತು ಮೆಟ್ಟಿಲುಗಳಲ್ಲಿ ನಮ್ಮದು ಎಷ್ಟನೆಯದು?

ಸೋಮವಾರ ಮತ್ತೆ ಅನಿಲ ಇಳಿಸುತ್ತೀರಂತೆ. ಇಳಿಸಬೇಡಿ. ಗುಂಡಿಗೆ ಬೇಲಿ, ಅಳೆಯುವ ಯಂತ್ರ, ಸೈರನ್ ಮೊದಲು ಬರಲಿ. ವರದಿ ತಿದ್ದಿ. ಮುರುಗೇಶನ್ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿರಿ. ಟ್ಯಾಂಕರ್ ಬರುವ ದಾರಿಯಲ್ಲಿ ಮೊನ್ನೆಯಿಂದ ಕೂತಿದ್ದೇವೆ, ಅಲ್ಲಿಯವರೆಗೆ ಏಳುವುದಿಲ್ಲ. ಸೋಮವಾರದ ಅನಿಲ ಹೊತ್ತು ನಿನ್ನೆಯೇ ಬಂದ ಹೊಸ ಚಾಲಕ ನಮ್ಮ ಮಾತು ಕೇಳಿ, ಎಂಜಿನ್ ಆರಿಸಿ, ಅತ್ತಿಗೆಯ ಪಕ್ಕದಲ್ಲೇ ಬಂದು ಕೂತ. ಅವನ ಹೆಸರು ಹೇಳುವುದಿಲ್ಲ, ಅವನನ್ನೂ ತೆಗೆದುಬಿಡುತ್ತೀರಿ.

ಇಂತಿ,
ತಮ್ಮ ವರದಿಯ ಪ್ರಕಾರ ಆ ದಿನ ಸ್ಥಳದಲ್ಲೇ ಇರದಿದ್ದ,
ಗೋವಿಂದರಾಜು